ಮಂಚದ ಲೆಕ್ಕ

ಕೆಂಪು ಚುಕ್ಕಿ ಸ್ಟಿಕರ್ ತರೂದು ಎಲ್ಲಾರೂ ಮರೆತಿದ್ದರು.
ಸೂಪರ್ ಮಾರ್ಕೆಟಿಗೆ ಓಡಿದ ಹುಡುಗ
ಟಿಕಳಿ ಪಾಕೀಟು ಹಿಡಕೊಂಡು ಬಂದ:
ಮೂವತ್ತೆರಡು, ಹತ್ತು ರೂಪಾಯಿ.
ಮಾರಿದ ಚಿತ್ರದ ಚೌಕಟ್ಟಿಗೆ ಒಂದೊಂದು ಹಚ್ಚರಿ ಬಾಯಿ, ಅಂದ.
ಮೂರು ವರ್ಷದ ಮ್ಯಾಲ ಟಿಕಳಿ ಮುಟ್ಟಿದೆ.

ಲೆಕ್ಕ ನನ್ನ ಪಾಲಿಗೆ ಬಂದಿತ್ತು.
ಸಹಕಾರಿ ಬ್ಯಾಂಕಿನ ಕ್ಯಾಶ್ ಕೌಂಟರಿನಾಗ
ಇಪ್ಪತ್ತೆಂಟು ವರ್ಷ ನೋಟು ಎಣಿಸಿದಾಕಿ,
ಎಂಟಾಣೆ ತಪ್ಪಿದ ದಿನ ಊಟ ಸೇರಿಲ್ಲ.

ಕಲಬುರಗಿ ದೊಡ್ಡಾಸ್ಪತ್ರಿ ಹಿಂದ
ರೋಗಿಗಳ ಸಂಗಾಟ ಬಂದವರಿಗಂತ
ಒಂದು ತಗಡಿನ ಶೆಡ್ಡು ಎದ್ದದ.
ಗೋಡಿ ಅದಾವ, ಫ್ಯಾನು ಅದಾವ, ಮಲಗಲಿಕ್ಕೆ ಏನಿಲ್ಲ.
ಅಫಜಲಪುರದವರು, ಚಿತ್ತಾಪುರದವರು, ಸೇಡಂದವರು
ಶಹಾಬಾದ್ ಕಲ್ಲಿನ ಮ್ಯಾಲ ಟಾವೆಲ್ ಹಾಸತಾರ.
ಆ ಕಲ್ಲು ಹಗಲೆಲ್ಲ ಬಿಸಿಲು ನುಂಗಿ
ನಡುರಾತ್ರಿ ತನಕ ಕಾರತದ.
ನನಗ ಗೊತ್ತದ.
ಹತ್ತೊಂಬತ್ತು ರಾತ್ರಿ.

ಒಂದು ಕಬ್ಬಿಣದ ಮಂಚ, ಗಾದಿ, ಸೊಳ್ಳಿ ಪರದೆ:
ಮೂರು ಸಾವಿರದ ಇನ್ನೂರು.
ಆಮ್ಯಾಲ ನನ್ನ ಕಣ್ಣಿಗೆ ಚಿತ್ರ ಕಾಣೂದೇ ನಿಂತಿತು.
ಕೋಟಿ ಬುರುಜು ಎರಡು ಮಂಚ.
ತೊಗರಿ ಹೂವಿನ ಹೊಲ ಒಂದು ಮಂಚ, ಮ್ಯಾಲೊಂದು ದಿಂಬು.
ಕಾಲೇಜು ಹುಡುಗಿ ಬರೆದ ಕುದುರಿ ಅರ್ಧ ಮಂಚ;
ಅರ್ಧ ಮಂಚದ ಮ್ಯಾಲ ಯಾರು ಮಲಗತಾರ?
ಅದಕ್ಕ ಇನ್ನೊಂದು ಅರ್ಧ ಹುಡುಕಬೇಕು.
ಮೂಲ್ಯಾಗ ಒಂದು ಬೆಕ್ಕು ಸಿಕ್ಕಿತು.
ಬಂದವರಿಗೆ ಮಾಲ್ದಿ ಕೊಟ್ಟು, ಚಾ ಕೊಟ್ಟು,
ಕುದುರಿಗೆ ಬೆಕ್ಕು ಗಂಟು ಹಾಕಿ ಮಾರಿದೆ.

ಒಬ್ಬರು ಕೇಳಿದರು, ದಾನ ಅಂದಮ್ಯಾಲ ಡಿಸ್ಕೌಂಟ್ ಇರ್ತದಲ್ಲ?
ಇನ್ನೊಬ್ಬರು ರೊಕ್ಕ ಕೊಟ್ಟು ಚಿತ್ರ ಬ್ಯಾಡಂದರು,
ಧೂಳು ಒರಸೋರು ಯಾರು ಅಂತ.
ಹೊರಗ ಬೇವಿನ ನೆರಳಿನಾಗ ಮೆಹಮೂದಾ ಟೀಚರ್
ಇಪ್ಪತ್ತು ರೂಪಾಯಿಗೊಂದು ಮುಖ ಬರೀಲತ್ತಿದ್ದಳು.
ಎಲ್ಲರ ಮೂಗೂ ಒಂದ ಥರ. ಯಾರೂ ತಕರಾರು ತೆಗೀಲಿಲ್ಲ.

ತೆಗೆದಾವ ಮಸ್ತಾನಸಾಬ ಒಬ್ಬನೇ.
ಲಾರಿ ಹಿಂದ ಹದ್ದು, ಅಂಗಡಿ ಮ್ಯಾಲ ಹೆಸರು,
ಆಸ್ಪತ್ರಿ ಗೋಡಿಗೆ ‘ಉಗುಳಬೇಡಿ’ ಬರೆದು ಬರೆದು
ನಲವತ್ತು ವರ್ಷದಿಂದ ಬೆರಳಿಗೆ ಟರ್ಪೆಂಟೈನ್ ವಾಸನಿ.
“ಕೊಟ್ಟೀನಿ ಬಾಯಿ. ಖರೆ. ವಾಪಸ್ ಕೇಳಂಗಿಲ್ಲ.
ಆದರ ಯಾರರೆ ಒಬ್ಬರು ಜರಾ ನಿಂತು ನೋಡ್ರಿ.
ಮುಂಜಾನಿಂದ ಎಲ್ಲಾರೂ ಚೀಟಿ ನೋಡಲತ್ತಾರ.”

ಕೂಲರ್ ಮುಂದಿನ ಕುರ್ಚಿ ಬಿಟ್ಟು ಎದ್ದು ಹೋದೆ.
ರಾತ್ರಿ. ಆಸ್ಪತ್ರಿ ಪಡಸಾಲಿ.
ಯಾವ ಡಬ್ಬಿಯೊಳಗೂ ಸಿಗದ ನೀಲಿ,
ಟ್ಯೂಬ್‌ಲೈಟ್ ಸಾಯೋ ಮುಂದ ಗೋಡಿ ಮ್ಯಾಲ ಇರ್ತದಲ್ಲ, ಅದು.
ಸಾಲಾಗಿ ಮುಸುಕು ಹೊದ್ದ ಮಂದಿ, ಮೂಟಿ ಹಂಗ.
ಒಂದು ಮುಸುಕಿನಿಂದ ಮಾತ್ರ
ಎರಡು ಪಾದ ಹೊರಗ ಬಂದಾವ.
ಹಿಮ್ಮಡಿ ಒಡದಾವ. ಬೆರಳಿಗೆ ಕಾಲುಂಗುರ,
ಎಡಗಾಲಿಂದು ಸವೆದು ತೆಳ್ಳಗ.

ಯಾವ ವರ್ಷ ಬರೆದಿ ಅಂತ ಕೇಳಬೇಕಂತಿದ್ದೆ.
ಕೇಳಲಿಲ್ಲ.
ಚಪ್ಪಲಿಯೊಳಗ ಬೆರಳು ಮಡಚಿಕೊಂಡವು.

ಅಷ್ಟರಾಗ ದಾಲ್ ಮಿಲ್ಲಿನ ಚನ್ನಮಲ್ಲಪ್ಪ ಸಾವಕಾರರು
ಟೇಪು ಹಿಡಿದು ಬಂದರು: ನಾಲ್ಕು ಅಡಿ, ಮೂರು ಅಡಿ.
“ಸೋಫಾ ಮ್ಯಾಲ ಸರಿ ಕೂಡ್ತದ” ಅಂದು
ಹದಿನಾರು ಸಾವಿರ ಎಣಿಸಿದರು.
ಐದು ಮಂಚ.
ಸೋಫಾದ ಮ್ಯಾಲ ಇನ್ನ ದಿನಾ ಆ ಪಾದ.
ಎಂದರೆ ಒಂದಿನ ನೋಡಿದರ ನೋಡಿಯಾರು.
ಟಿಕಳಿ ಹಚ್ಚಿದೆ. ಕೈ ನಡುಗಿದ್ದು ಕೂಲರ್ ಗಾಳಿಗೆ.

ಸಂಜೀಕ ಲೆಕ್ಕ ಮುಗಿಸಿದೆ. ಇಪ್ಪತ್ತೊಂದು ಮಂಚ,
ಉಳಿದ ನಾನೂರಕ್ಕ ದಿಂಬಿನ ಗೌಸು.
ರೊಕ್ಕ ಸರಿ, ರಸೀದಿ ಸರಿ.
ಟಿಕಳಿ ಸರಿಯಿಲ್ಲ:
ಹಚ್ಚಿದ್ದು ಇಪ್ಪತ್ತಾರು, ಪಾಕೀಟಿನಾಗ ಐದು.
ಒಂದು ಎಲ್ಲಿ?
ಮೇಜಿನ ಕೆಳಗ ಬಗ್ಗಿದೆ, ಕುರ್ಚಿ ಸರಿಸಿದೆ,
ಖಾಲಿ ಮೊಳೆಗಳ ಗೋಡಿ ಉದ್ದಕ್ಕೂ ಹುಡುಕಿದೆ.

ಕಸ ಹೊಡೀಲಿಕ್ಕೆ ಬಂದ ಅಂಬವ್ವ
ಕಸಬರಿಗಿ ಊರಿ ನಿಂತು ನಕ್ಕಳು.
“ಮೊಣಕೈಗೆ ಅಂಟ್ಯಾದಲ್ಲರಿ ಬಾಯಿ.
ನಿಮಗ ಯಾರು ಖರೀದಿ ಮಾಡ್ಯಾರ?”