ನಾಲ್ಕನೆಯ ಸಿಲಿಂಡರಿನ ಹಿಂದೆ

ದಿಂಬಂ ಘಾಟಿಯ ಹತ್ತೊಂಬತ್ತನೇ ತಿರುವಿಗೆ
ನನ್ನ ಮಾರ್ಕ್ ಒನ್ ಅಂಬಾಸಿಡರ್ ಮುನಿಸಿಕೊಳ್ಳುತ್ತಿತ್ತು,
ಹದಿನೆಂಟಕ್ಕಲ್ಲ, ಇಪ್ಪತ್ತಕ್ಕಲ್ಲ.
ಕಬ್ಬಿನ ಲಾರಿಯ ಹಿಂದೆ ಮೊದಲ ಗೇರಿನಲ್ಲಿ ತೆವಳಿ ತೆವಳಿ
ಮುಳ್ಳು ಕೆಂಪಿಗೆ ವಾಲುತ್ತಿದ್ದಂತೆ
ಬಾನೆಟ್ಟಿನ ಸಂದಿಯಿಂದ ಹಬೆ,
ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದ ಹಾಗೆ.

ಮಾಡದ ಉಪಾಯವಿಲ್ಲ.
ಸತ್ಯಮಂಗಲದವನು ಥರ್ಮೋಸ್ಟಾಟ್ ಕಿತ್ತು ಬಿಸಾಡಿದ.
ಹಾಸನೂರಿನವನು ಹುಣಸೆನೀರು ತುಂಬಿ
ಒಂದು ರಾತ್ರಿ ಇಟ್ಟು ರೇಡಿಯೇಟರ್ ತೊಳೆದ.
ಫ್ಯಾನ್ ಬೆಲ್ಟು ಹೊಸದು, ಮುಚ್ಚಳ ಹೊಸದು,
ನೀರಿನ ಪಂಪಿಗೆ ಎರಡು ಸಲ ಸೀಲು.
ಬಣ್ಣಾರಿ ಅಮ್ಮನ ನಿಂಬೆಹಣ್ಣೂ ಬಾಕಿ ಇರಲಿಲ್ಲ,
ನಾಲ್ಕು ಚಕ್ರಕ್ಕೆ ಒಂದೊಂದು.

ತಾಳವಾಡಿಯ ಅರುಳಪ್ಪ ಮಾತಾಡುವವನಲ್ಲ.
ಸಂತೆಯಲ್ಲಿ ಎತ್ತಿನ ಬೆನ್ನು ಸವರುವವನಂತೆ
ಎಂಜಿನ್ನಿನ ಮೈಮೇಲೆ ಅಂಗೈ ಆಡಿಸುತ್ತ ಹೋದ.
ಒಂದು, ಎರಡು, ಮೂರು.
ನಾಲ್ಕನೆಯದರ ಹತ್ತಿರ ಕೈ ಚಕ್ಕನೆ ಹಿಂದಕ್ಕೆ.
"ನೀರು ಕುದಿಯದು ಆಮೇಲಿನ ಮಾತು ಕನಾ.
ಇಲ್ಲಿಗೆ ನೀರೇ ಬತ್ತಿಲ್ಲ."

ಹಿಂಬದಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ,
ಹೀಟರಿಗೆ ಹೋಗುವ ನಲ್ಲಿ.
ಊಟಿಯ ಎಸ್ಟೇಟಿನ ಗಾಡಿ; ಅಲ್ಲಿಯ ಚಳಿಗೆಂದು ಕೂರಿಸಿದ್ದು.
ಬಯಲಿಗಿಳಿದ ಮೇಲೆ ಯಾರೋ ಜಾಣ
ಈ ಬಿಸಿಲಿಗೆ ಇದ್ಯಾಕೆ ಎಂದು
ಕೊಳವೆಗೆ ಬೋಲ್ಟು ತುರುಕಿ ಕ್ಲಿಪ್ಪು ಬಿಗಿದಿದ್ದ.
ಅಂದಿನಿಂದ ಆ ಮೂಲೆಗೆ ನೀರಿನ ಓಡಾಟವಿಲ್ಲ.
ಕೆಸರು ಬಂದು ಕೂತಿತು.

ಬ್ಲಾಕಿನ ಡ್ರೈನ್ ಬಿಚ್ಚಿದರೆ ಹನಿಯೂ ಇಲ್ಲ.
ಸೈಕಲ್ ಕಡ್ಡಿ ತೂರಿಸಿ ಕೆದಕಿದ, ಅರ್ಧ ಗಂಟೆ.
ಮೊದಲು ಒಂದು ಕೆಮ್ಮು.
ಆಮೇಲೆ ರಾಗಿ ಅಂಬಲಿಯಷ್ಟು ಮಂದ, ತುಕ್ಕುಗೆಂಪು,
ಎಷ್ಟು ಮಾಲೀಕರ ಎಷ್ಟು ಬಾವಿಯ ನೀರೋ
ಎರಡು ಮಗ್ಗು ಹೊರಗೆ ಬಂತು.
ಹೊಸ ಥರ್ಮೋಸ್ಟಾಟ್ ಇಟ್ಟು, ಹೊಸ ಪೈಪು ಹಾಕಿ
ಹೀಟರು ಕೂಡಿಸಿದ.
"ಏರಲ್ಲಿ ಕಾದ್ರೆ ಇದ ಎಳುದ್ಬುಡಿ."
ಬೇಸಗೇಲೂನಾ?
ಅವನು ಕೈ ತೊಳೆಯಲು ಹೋಗಿದ್ದ.

ಮೇ ತಿಂಗಳು. ಮದುವೆ ಬಾಡಿಗೆ.
ಹಿಂದಿನ ಸೀಟಿನಲ್ಲಿ ಕುಮುದವಲ್ಲಿ, ಹೊಸ ಮದುಮಗಳು,
ಸೇಲಂ ರೇಷ್ಮೆ, ಮೊಳಗಟ್ಟಲೆ ಮಲ್ಲಿಗೆ,
ಪಕ್ಕದಲ್ಲಿ ಬೆವರೊರೆಸುವ ಗಂಡ.
ಹದಿನೇಳು. ಹದಿನೆಂಟು. ಮುಳ್ಳು ಅಲ್ಲಾಡಿತು.
ಹೇಳುವಷ್ಟು ಹೊತ್ತೂ ಇರಲಿಲ್ಲ, ಗುಂಡಿ ಎಳೆದೆ.

ಭಸ್ಸೆಂದು ಬಂತು
ಇಪ್ಪತ್ತು ವರ್ಷದ ಧೂಳು, ನೀಲಗಿರಿ ಎಲೆಯ ಪುಡಿ,
ಯಾವುದೋ ಜೀರುಂಡೆಯ ಅರ್ಧ ರೆಕ್ಕೆ,
ಒಲೆಬಾಯಿಯಂಥ ಗಾಳಿ.
ಗಂಡ ತಮಿಳಲ್ಲಿ ಬೈದ. ಸಾಲದೆ ಕನ್ನಡದಲ್ಲಿ ಬೈದ.
ಆಕೆ ಸೀನಿದಳು, ಮೂರು ಸಲ, ಆಮೇಲೆ
ನಗು ತಡೆಯಲಾರದೆ ಸೆರಗು ಕಚ್ಚಿದಳು.
ಹತ್ತೊಂಬತ್ತು ಹೋಯಿತು.
ಮುಳ್ಳು ಇದ್ದಲ್ಲೇ ಇತ್ತು.

ಇಪ್ಪತ್ತೇಳೂ ದಾಟಿ ದಿಂಬಂ ಚೆಕ್‌ಪೋಸ್ಟು.
ಸಂಜೆಯ ಮಳೆ ಬಿದ್ದು ನಿಂತು, ಮಂಜು ರಸ್ತೆಗಿಳಿದಿತ್ತು.
ಕಾವಲಿನವನು ಕಂಬಳಿಯಿಂದ
ಒಂದು ಕೈ ಮಾತ್ರ ಹೊರಗಿಟ್ಟು ಚೀಟಿ ಬರೆದ.
ನಾನು ಗುಂಡಿಗೆ ಕೈ ಹಾಕಿದೆ.
ಹಿಂದಿನಿಂದ ಮದುಮಗಳು:
"ಅಣ್ಣ, ಇರ್ಲಿ ಬುಡಿ ಅದು.
ಊರು ಬರೋಗಂಟ."