ಮಟ್ಟೆ ರಾಶಿಯ ಮುಂದೆ ಹತ್ತು ನಿಮಿಷ

ಅರಸೀಕೆರೆಯಲ್ಲಿ ಯಾರೂ ತೆಂಗಿನ ಮಟ್ಟೆಗೆ ಹೆದರುವುದಿಲ್ಲ.
ಹೆದರುವವನು ನಾನೊಬ್ಬ.

ಹದಿನೇಳು ವರ್ಷ ಕಾನ್ವಾಯಿನ ಮೊದಲ ಗಾಡಿ ಓಡಿಸಿದವನ ಕಣ್ಣು
ರಸ್ತೆ ನೋಡುವುದಿಲ್ಲ, ರಸ್ತೆಯ ಅಂಚು ನೋಡುತ್ತದೆ:
ನಿನ್ನೆ ಇಲ್ಲದ್ದು ಇವತ್ತು ಏನಿದೆ?
ಇಲ್ಲಿ ದಿನಾ ಏನಾದರೂ ಇದ್ದೇ ಇರುತ್ತದೆ.
ಕಾಯಿ ಸುಲಿದವರು ರಾತ್ರೋರಾತ್ರಿ ಸುರಿದುಹೋದ ರಾಶಿ,
ಮೇಲೊಂದು ಹರಿದ ಗೋಣಿಚೀಲ,
ಚೀಲದ ಬಾಯಿಂದ ಇಣುಕುವ ಒಂದೆಳೆ ವೈರು.
ಅದು ನಾರು. ಗೊತ್ತು.

ಗೊತ್ತಿದ್ದೂ ಅಂಗೈ ಬೆವರುವ ಹೊತ್ತಿಗೆ
ಬೀರುವಿನಲ್ಲಿ ಕ್ಯಾಂಟೀನ್ ರಮ್ಮು ಕಾಯುತ್ತಿತ್ತು.
ನನ್ನ ಕೋಟಾ ಕಾರ್ಡಿನ ಮೇಲೆ ಊರಿಗೆಲ್ಲ ಪ್ರೀತಿ.
ಡ್ರಿಲ್ ಮೇಷ್ಟ್ರು, ಸೊಸೈಟಿ ಸೆಕ್ರೆಟರಿ, ಲೈನ್‌ಮ್ಯಾನ್ ಕುಬೇರಪ್ಪ,
‘ದೇಶ ಕಾದವರು ನೀವು’ ಎಂದು ಶುರುಮಾಡಿ
‘ಒಂದು ಬಾಟ್ಲಿ ಇದ್ರೆ’ ಎಂದು ಮುಗಿಸುವವರು.
ಕೊಟ್ಟು ಉಳಿದದ್ದು ಸಾಲದೆ
ಪೇಟೆಯದ್ದೂ ಸೇರಿತು.

ಒಬ್ಬ ಡಾಕ್ಟರು: ಮೊದಲು ಕುಡಿತ ಬಿಟ್ಟು ಬಾ, ಆಮೇಲೆ ಭಯದ ಮಾತು.
ಕುಡಿತ ಬಿಡಿಸುವ ಶಿಬಿರದವರು: ತಲೆ ಸರಿಮಾಡಿಸಿಕೊಂಡು ಬಾ.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
‘ನಮಗೆ ಎರಡೂ ಆಗಿದೆಯಲ್ಲ’ ಎಂದು ನಕ್ಕಳು ಗಂಗಲಕ್ಷ್ಮಿ.
ನಕ್ಕವಳು ಒಳಗೆ ಹೋಗಿ
ತುಂಬಾ ಹೊತ್ತು ಬರಲಿಲ್ಲ.

ಹಾಸನಕ್ಕೆ ಪ್ಯಾಸೆಂಜರ್ ರೈಲು. ಮಾಜಿ ಸೈನಿಕರ ಆಸ್ಪತ್ರೆ.
ಡಾಕ್ಟರ್ ಅಸ್ಮಾ, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವರಿರಬೇಕು,
ಎರಡನ್ನೂ ಕೇಳಿದರು, ಒಂದೇ ಕುರ್ಚಿಯಲ್ಲಿ ಕೂರಿಸಿ.
‘ಒಮ್ಮೆಗೇ ನಿಲ್ಲಿಸಬೇಡಿ, ಮೈ ತಡೆಯಲ್ಲ.
ಮಾತ್ರೆ ಕೊಡ್ತೀನಿ, ಇಳಿಸ್ತಾ ಬರೋಣ.’
ಘಾಟಿ ಇಳಿದ ಹಾಗೆ, ಎಂದೆ ನಾನು, ಗೇರಿನಲ್ಲೇ.
ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡರು.

ಆಮೇಲೆ ನಲವತ್ತು ಪುಟದ ನೋಟ್‌ಬುಕ್.
ನಡುವೆ ಒಂದು ಗೀಟು. ಎಡಕ್ಕೆ ಭಯ, ಹತ್ತಕ್ಕೆ ಎಷ್ಟು.
ಬಲಕ್ಕೆ ಪೆಗ್ಗು.
ಗಾಡಿಯ ಲಾಗ್‌ಬುಕ್ಕಿನಲ್ಲಿ ಒಂದು ಕಿಲೋಮೀಟರ್ ಸುಳ್ಳು ಬರೆಯದವನು
ಇಲ್ಲಿ ಎರಡು ವಾರ ಬರೆದೆ.
ಮೂರನೆಯ ವಾರ ನಿಜ ಬರೆದಾಗ
ಅವರು ಕೆಂಪು ಪೆನ್ನಿನಲ್ಲಿ ಗೀಟು ದಾಟಿಸಿದರು:
ಇಂದು ರಾತ್ರಿಯ ಐದರಿಂದ ನಾಳೆ ಬೆಳಗಿನ ಒಂಬತ್ತಕ್ಕೆ,
ಒಂಬತ್ತರಿಂದ ಮತ್ತೆ ರಾತ್ರಿಯ ಆರಕ್ಕೆ.
ಸಾಲ ತೀರಿಸಲು ಸಾಲ ತಂದಿದ್ದೆ ನಾನು
ಅದೇ ಸಾಹುಕಾರನ ಹತ್ತಿರ.

ಇನ್ನೊಂದು ಮದ್ದು ಅಂಗಡಿಯಲ್ಲಿ ಸಿಗುವುದಲ್ಲ:
ಕುಡಿಯದೆ, ರಾಶಿಯ ಮುಂದೆ, ಹತ್ತು ನಿಮಿಷ ನಿಲ್ಲುವುದು.
ನಿಂತೆ. ರಸ್ತೆಯಾಚೆ ಗಂಗಲಕ್ಷ್ಮಿ, ಕೈಯಲ್ಲಿ ನನ್ನ ಗಡಿಯಾರ.
ಯಾರೋ ಬೈಕು ನಿಲ್ಲಿಸಿ, ‘ಲೋಡಿಗೆ ಎಷ್ಟು ಯಜಮಾನ್ರೇ?’
ನಾಲ್ಕನೇ ನಿಮಿಷಕ್ಕೆ ಮೊಣಕಾಲು ಸಡಿಲ.
ಆರನೇ ನಿಮಿಷಕ್ಕೆ ಶಶಿಧರನ್.

ಅವನದು ಎರಡನೇ ಗಾಡಿ.
ನಾನು ಅದರ ಪಕ್ಕದಲ್ಲೇ ದಾಟಿದ್ದೆ. ನನ್ನ ಕಣ್ಣಿಗೆ ಕಾಣಲಿಲ್ಲ.
ಆಮೇಲೆ ಸಿಡಿಯಿತು.
ಅಷ್ಟೇ. ಇಷ್ಟು ವರ್ಷ ಇಷ್ಟನ್ನು ಯಾರಿಗೂ ಹೇಳಿರಲಿಲ್ಲ,
ರಮ್ಮಿಗೂ.
ರಸ್ತೆ ದಾಟಿ ಬಂದು ಹೇಳಿದೆ.
ಅವಳು ಗಡಿಯಾರ ನೋಡಿ, ‘ಇನ್ನೂ ಮೂರು ನಿಮಿಷ ಇದೆ’ ಅಂದಳು,
ನನ್ನ ಜೊತೆ ವಾಪಸು ಬಂದು
ರಾಶಿಯ ಮುಂದೆ ತಾನೂ ನಿಂತಳು.

ದೀಪಾವಳಿಯ ಪಟಾಕಿಗೆ ನಾಲ್ಕು ಪೆಗ್ಗು ಹೋಯಿತು.
ನಾಚಿಕೆಯಿಂದ ನೋಟ್‌ಬುಕ್ ಚಾಚಿದೆ.
‘ಬರೆದಿದ್ದೀರಲ್ಲ,’ ಅಂದರು ಡಾಕ್ಟರು, ಪುಟ ತಿರುವಿ.

ಈಗ ಸಂಜೆ ಆರೂವರೆ.
ಸ್ಟೇಷನ್ನಿನಲ್ಲಿ ಬೋಗಿಗೆ ಬೋಗಿ ಡಿಕ್ಕಿ ಹೊಡೆದು ಕೂಡಿಕೊಳ್ಳುವ ಸದ್ದು,
ಎದೆ ಒಂದು ಸಲ ಹಾರಿ ಕೆಳಗೆ ಕೂತಿತು.
ಎಡಕ್ಕೆ ಬರೆದೆ: ಆರು.
ಒಲೆಯ ಮೇಲೆ ಚಹಾ ಕುದಿಯುತ್ತಿದೆ. ಕುಬೇರಪ್ಪ
ಗೇಟಿನ ಹತ್ತಿರ ಸುಮ್ಮನೆ ಕೆಮ್ಮುತ್ತಿದ್ದಾನೆ.
ಬಲಗಡೆ ಇನ್ನೂ ಖಾಲಿ.
ಪೆನ್ನಿಗೆ ಕ್ಯಾಪು ಹಾಕಿಲ್ಲ.