ಲಗೇಜು ಟಿಕೀಟು

ಮಂಗಳವಾರ, ಇಮ್ಲಿಬನ್‌ದಿಂದ ನಸುಕಿನ ನಾಲ್ಕಕ್ಕ ಬಿಟ್ಟ ಗಾಡಿ.
ಕೊನೀ ಸೀಟಿನ ಕೆಳಗ ಬಿಳೀ ಥರ್ಮಾಕೋಲ್ ಡಬ್ಬಿ,
ಸುತ್ತ ಕೆಂಪು ಸುತಳಿ, ಮೂಲಿಯಿಂದ ಹನಿ ಹನಿ ನೀರು.
ನಾನೇ ಹರಿದು ಕೊಟ್ಟೀನಿ ಟಿಕೀಟು, ಮೂವತ್ತೈದು ರೂಪಾಯಿ.
ಜಹೀರಾಬಾದ್ ದಾಟೂದ್ರಾಗ ಆ ನೀರು
ಒಬ್ಬ ಮಾಸ್ತರರ ಚಪ್ಪಲಿ ತೋಯಿಸಿತ್ತು.
ಪಾಪ, ಬೀದರ ಬರೂತನಕ ಕಾಲು ಎತ್ತಿ ಕೂತಿದ್ದರು.

ಇವತ್ತು ಶುಕ್ರವಾರ.
ಡ್ಯೂಟಿ ಮುಗಿಸಿ, ಡಿಪೋದಾಗ ರೊಕ್ಕ ಎಣಿಸಿ ಕೊಟ್ಟು
ಉಸ್ಮಾನ್‌ಗಂಜಿಗೆ ಬಂದೀನಿ.
ಮೈನೋದ್ದಿನನ ಬಂಡಿ ಮ್ಯಾಲ ಅದೇ ಡಬ್ಬಿ, ಅದೇ ಸುತಳಿ.
"ಬರ್ರಿ ಕಂಡಕ್ಟರ್ ಅಕ್ಕಾ, ಬ್ರೊಕೋಲಿ!
ಇವತ್ತಿಂದು, ಏಕ್‌ದಂ ತಾಜಾ!"

ಎರಡು ವರ್ಷ ಹೊತ್ತು ತಂದೀನಿ ಇದನ್ನ,
ಒಮ್ಮೆನೂ ನಾಲಿಗಿಗೆ ಹಚ್ಚಿಲ್ಲ.
ಕತ್ತಿಗೇನು ಗೊತ್ತು ಕಸ್ತೂರಿ ವಾಸನಿ,
ಅಂದ್ರ ಅನ್ನಲಿ.
ಹೊತ್ತದ್ದು ಕತ್ತಿನೇ. ಇವತ್ತು ರುಚಿ ನೋಡೂದೂ ಅದೇ.

ಅವ್ವ ಕಲಿಸಿದ್ದು ಬ್ಯಾರೆ ಪಾಠ.
ಬೆಂಡೀಕಾಯಿ ತುದಿ ಮುರಿ, ಟಕ್ ಅಂದ್ರ ತಗೋ.
ಸೋರೀಕಾಯಿಗೆ ಉಗುರು ಚುಚ್ಚು,
ಮಾರಾವ ಬಯ್ಯೂದ್ರಾಗ ಕೈ ತೆಗಿ.
ಇದರ ಬಗ್ಗೆ ಅಕಿ ಏನೂ ಹೇಳಿಲ್ಲ.
ಅವ್ವನ ಕಾಲಕ್ಕ ಇದಿನ್ನೂ ಬೀದರದ ಬಸ್ಸು ಹತ್ತಿದ್ದಿಲ್ಲ.

ಆದರ ಹದಿನಾಲ್ಕು ವರ್ಷ ನೋಟು ಮುಟ್ಟಿದ ಹೆಬ್ಬೆರಳು ನಂದು.
ದೀಪ ಆರಿಸಿದ ಗಾಡ್ಯಾಗ, ತೆಗ್ಗು ಬಿದ್ದ ರಸ್ತ್ಯಾಗ
ಖೋಟಾ ಐನೂರು ಗುರುತು ಹಿಡದದ.
ಒಂದು ಎತ್ತಿದೆ. ಹಗುರ. ಒಳಗಿನ ನೀರು ಇಳದು ಹೋಗ್ಯಾದ.
ತೆಲಿ ಮ್ಯಾಲ ಬೆರಳಾಡಿಸಿದೆ.
ಸಾಸಿವೆಯಂಥ ಮೊಗ್ಗು ಒಂದಕ್ಕೊಂದು ಒತ್ತಿ ನಿಂತಿರಬೇಕು,
ಹಬ್ಬದ ಹಿಂದಿನ ರಾತ್ರಿಯ ಬಸ್ಸಿನಂಗ.
ಇಲ್ಲಿ ನೋಡಿದ್ರ ಒಂದೊಂದು ಸ್ಟಾಪಿಗೆ ಮಂದಿ ಇಳದಂಗ ಸಂದಿ,
ಅಂಚಿನಾಗ ಹಳದಿ,
ಅರಳಬೇಕಂತ ಜೀವ ಹೊಡಕೊಂಡದ ಪಾಪದ್ದು.
ದಂಟು ತಿರುವಿದೆ. ಕೊಯ್ದ ಬಾಯಿ ಒಣಗಿ, ಕಂದಾಗಿ, ಸೀಳಿತ್ತು.

"ಮೈನೋದ್ದಿನ್, ಇದು ಮಂಗಳವಾರದ್ದು."
"ಅಲ್ಲಾಣೆ ಅಕ್ಕಾ..."
"ಆಣಿ ಬ್ಯಾಡ. ಟಿಕೀಟು ಹರಿದಾಕಿ ನಾನು.
ಮಾಸ್ತರರ ಚಪ್ಪಲಿ ತೋಯಿಸಿದ ಡಬ್ಬಿ ಇದು."

ಅವ ಬಾಯಿ ತೆರದ. ಮುಚ್ಚಿದ.
ಆಮ್ಯಾಲ ನಕ್ಕ, ಹಲ್ಲಿನ ತುಂಬ ಎಲೀ ಅಡಿಕಿ ಕೆಂಪು.
ಬಗ್ಗಿ, ಬಂಡಿ ಕೆಳಗಿನ ಹಸೀ ಗೋಣಿಚೀಲ ಸರಿಸಿ
ಇನ್ನೊಂದು ತೆಗದ:
"ಇದು ರಾತ್ರಿ ಗಾಡೀದು. ಡಾಕ್ಟರ್ ಮನಿಗಂತ ಇಟ್ಟಿದ್ದೆ."

ಕೈ ಜಗ್ಗುವಷ್ಟು ಭಾರ.
ಕಡು ಹಸಿರಿನ ಮ್ಯಾಲ ತುಸು ನೀಲಿ,
ದ್ರಾಕ್ಷಿ ಮ್ಯಾಲಿನ ಬೂದಿಯಂಗ, ಯಾರೂ ಮುಟ್ಟದ್ದು.
ಎರಡು ಬೆರಳಿನಾಗ ದಂಟು ಅದುಮಿದೆ,
ಹೊಸಾ ಬೂಟಿನಂಗ ಕಿರ್ ಅಂತು.
ಸಾಕು.

"ಮತ್ತ ಡಾಕ್ಟರಿಗೆ?"
"ಅವರಿಗೆ ಮಂಗಳವಾರದ್ದೇ ನಡೀತದ ಅಕ್ಕಾ.
ಅವರು ದಂಟು ನೋಡೂದಿಲ್ಲ, ರೇಟು ನೋಡ್ತಾರ.
ತುಟ್ಟಿ ಇದ್ರ ತಾಜಾ ಅಂತಾರ."

ಬಳ್ಳೊಳ್ಳಿ ಒಗ್ಗರಣಿ, ಮ್ಯಾಲ ಶೇಂಗಾ ಹಿಂಡಿ, ಜ್ವಾಳದ ರೊಟ್ಟಿ.
"ಸಣ್ಣ ಗಿಡಾ ಬೇರು ಕಿತ್ತು ತಿಂದಂಗ ಆಗ್ತದ," ಅಂದ ನನ್ನ ಗಂಡ ಬಂಡೆಪ್ಪ,
ಅಂದು, ಇನ್ನೊಂದು ಸೌಟು ಹಾಕಿಸಿಕೊಂಡ.
ದಂಟಿನ ಸಿಪ್ಪಿ ಹೆರದು ಹಸೀದೇ ಕಡದೆ ನಾನು,
ನವಲಕೋಲಿನಂಗ ಸೀ ಇತ್ತು.
ಎರಡು ವರ್ಷ ನನ್ನ ಕಾಲಾಗೇ ಕೂತಿತ್ತು ಈ ರುಚಿ.

ಈಗ ಡಬ್ಬಿ ಹತ್ತಿದ್ರ
ಟಿಕೀಟು ಯಾರ ಕೈಗೂ ಕೊಡೂದಿಲ್ಲ.
ಸುತಳ್ಯಾಗ ಸಿಗಿಸ್ತೀನಿ, ತಾರೀಖು ಹೊರಗ ಕಾಣೂ ಹಂಗ.
ಮೈನೋದ್ದಿನ್ ಡಬ್ಬಿ ಇಳಿಸಿಕೊಂಡ ಕೂಡಲೇ
ಮೊದಲು ಅದನ್ನೇ ಕಿತ್ತು ಒಗೀತಾನಂತ.
ಒಗೀಲಿ.
ಕೊಯ್ದ ದಂಟಿಗೂ ಬಾಯಿ ಅದ.